ಚೆನ್ನಮ್ಮನ ಸೀರೆಗೆ ಕತ್ತರಿ ಹಾಕಲಿಲ್ಲ

ನಮ್ಮ ಬಾಗಲಕೋಟೆ ಜಿಲ್ಲೆಯ ಶಾಲೆಗಳಲ್ಲಿ ವೇಷ ಹಾಕುವ ಹಂಗಾಮು ಆಗಸ್ಟ್ 15ಕ್ಕೆ ಶುರುವಾದರೆ ಗ್ಯಾದರಿಂಗ್ ಮುಗಿಯುವವರೆಗೂ ನಿಲ್ಲುವುದಿಲ್ಲ. ಅಕ್ಟೋಬರ್ 2ಕ್ಕೆ ಗಾಂಧಿ, 23ಕ್ಕೆ ಕಿತ್ತೂರು ಚೆನ್ನಮ್ಮ, ನವೆಂಬರ್ 1ಕ್ಕೆ ಭುವನೇಶ್ವರಿ, 11ಕ್ಕೆ ಓಬವ್ವ, ಜನವರಿ 26ಕ್ಕೆ ಅಂಬೇಡ್ಕರ್ ಜೊತೆಗೆ ಸಂಗೊಳ್ಳಿ ರಾಯಣ್ಣ. ಗಾಂಧಿ ಸುಲಭ. ಒಂದು ಪಂಜೆ, ಒಂದು ಕೋಲು, ಗಾಜಿಲ್ಲದ ಕನ್ನಡಕ ಇದ್ದರೆ ಮುಗಿಯಿತು. ರಾಯಣ್ಣನಿಗೂ ಹೆಚ್ಚು ಖರ್ಚಿಲ್ಲ. ಅಜ್ಜನ ಧೋತರ, ಅಜ್ಜನ ರುಮಾಲು, ಹೆಗಲಿಗೊಂದು ಕಂಬಳಿ ಮನೆಯಲ್ಲೇ ಸಿಗುತ್ತವೆ. ರಾಜ ರಾಣಿಯರ ಪಾತ್ರ ಬಂತೆಂದರೆ ಮಾತ್ರ ತಾಲ್ಲೂಕು ಪೇಟೆಯ ಬಾಡಿಗೆ ಅಂಗಡಿಯೇ ಗತಿ.

ಆ ಬಾಡಿಗೆ ಡ್ರೆಸ್ಸಿನ ವಾಸನೆ ನಿಮಗೂ ಗೊತ್ತಿರಬಹುದು. ಬೆವರು, ಡಾಂಬರು ಗುಳಿಗೆ, ಹಿಂದಿನ ಮಗು ಉಗ್ಗಿಸಿಕೊಂಡ ಪೌಡರು ಎಲ್ಲ ಸೇರಿದ ವಾಸನೆ. ಕುತ್ತಿಗೆಯ ಹತ್ತಿರ ಜರಿ ಚುಚ್ಚುತ್ತದೆ. ಅಳತೆ ದೊಡ್ಡದಾದರೆ ಬೆನ್ನಿಗೆ ನಾಲ್ಕು ಪಿನ್ನು ಹಾಕುತ್ತಾರೆ. ಮಗು ಭಾಷಣ ಮರೆಯುವುದು ಭಯಕ್ಕಲ್ಲ, ಆ ಪಿನ್ನಿಗೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಾನು ಈ ಕಾರ್ಯಕ್ರಮಗಳಿಗೆ ಹೋಗುವುದು ಸುದ್ದಿಗೆ, ಫೋಟೊಕ್ಕೆ. ಒಂದು ವರ್ಷ ಮೂರು ಊರಿನ ಫೋಟೊಗಳನ್ನು ಒಟ್ಟಿಗೆ ನೋಡುತ್ತಿದ್ದಾಗ ಒಂದು ತಮಾಷೆ ಕಂಡಿತು. ರಾಜ್ಯೋತ್ಸವದ ಟ್ರ್ಯಾಕ್ಟರ್ ಮೇಲೆ ನಿಂತಿದ್ದ ಇಮ್ಮಡಿ ಪುಲಕೇಶಿ, ಛದ್ಮವೇಷದಲ್ಲಿ ಬಹುಮಾನ ಪಡೆದ ಕೃಷ್ಣದೇವರಾಯ, ಗ್ಯಾದರಿಂಗಿನ ಟಿಪ್ಪು ಸುಲ್ತಾನ ಮೂವರದೂ ಒಂದೇ ನೇರಳೆ ಬಣ್ಣದ ಮಖಮಲ್ ಕೋಟು. ಎಡ ತೋಳಿನ ಜರಿ ಕಿತ್ತುಹೋದ ಜಾಗದಿಂದ ಗುರುತು ಸಿಕ್ಕಿತು. ಏಳನೇ ಶತಮಾನದಿಂದ ಹದಿನೆಂಟನೇ ಶತಮಾನದವರೆಗೆ ಒಂದೇ ಕೋಟು ಬಾಳಿಕೆ ಬಂದಿತ್ತು!

ಮನೆಯಲ್ಲಿ ಅವ್ವನ ಕಾಲು ಮಿಷಿನ್ ಇತ್ತು. ತಂಗಿಯ ಮಗಳ ಹುಟ್ಟುಹಬ್ಬದ ಫ್ರಾಕು, ತೊಟ್ಟಿಲಿಗೆ ಹಾಕುವ ಕೂಸಿನ ಕುಂಚಿಗೆ ಇಂಥವನ್ನು ಹೊಲಿದು ಕೈ ಪಳಗಿತ್ತು. ದಿನದ ಸುದ್ದಿ ಕಳಿಸಿ ಮುಗಿಸಿದ ಮೇಲೆ ರಾತ್ರಿ ಒಂದು ತಾಸು ಮಿಷಿನ್ ಮುಂದೆ ಕೂತರೆ ತಲೆ ಹಗುರಾಗುತ್ತದೆ. ಸುದ್ದಿಯಲ್ಲಿ ಯಾರೋ ಹೇಳಿದ್ದನ್ನು ಬರೆಯಬೇಕು. ಬಟ್ಟೆ ಹಾಗಲ್ಲ, ಅಳತೆ ಸರಿಯಿದ್ದರೆ ಸರಿ, ಇಲ್ಲದಿದ್ದರೆ ಇಲ್ಲ. ಆ ನೇರಳೆ ಕೋಟು ನೋಡಿದ ಮೇಲೆ ಫ್ರಾಕಿನ ಜೊತೆ ವೇಷದ ಬಟ್ಟೆಯನ್ನೂ ಹೊಲಿಯುವ ಹುಚ್ಚು ಹತ್ತಿತು.

ಮೊದಲು ಮಾಡಿದ ಕೆಲಸವೆಂದರೆ ಬಾದಾಮಿಗೆ ಹೋಗಿ ಸುಮ್ಮನೆ ನೋಡಿದ್ದು. ಸುದ್ದಿಗೆಂದು ಹತ್ತಾರು ಸಲ ಹೋದ ಜಾಗವೇ. ಆದರೆ ಬಟ್ಟೆ ನೋಡಲೆಂದು ಹೋಗಿರಲಿಲ್ಲ. ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಅದನ್ನು ಮಾಡಿಸಿದ ಮಂಗಳೇಶ ಇಮ್ಮಡಿ ಪುಲಕೇಶಿಗೆ ಚಿಕ್ಕಪ್ಪ. ಅಂದರೆ ಪುಲಕೇಶಿಯ ಕಾಲದವರು ಹೇಗಿದ್ದರು ಎಂದು ತಿಳಿಯಲು ಅದಕ್ಕಿಂತ ಹತ್ತಿರದ ಸಾಕ್ಷಿ ಬೇರೆ ಬೇಕಿಲ್ಲ. ಕಂಬದ ಮೇಲಿನ ಗಂಡು ಹೆಣ್ಣಿನ ಜೋಡಿಗಳನ್ನು ನೋಡಿ. ಕೋಟಿಲ್ಲ, ಪೈಜಾಮವಿಲ್ಲ. ಸೊಂಟಕ್ಕೆ ಸುತ್ತಿದ ತೆಳ್ಳನೆಯ ಬಟ್ಟೆ, ಅದರ ಮೇಲೆ ಪಟ್ಟಿ, ಕೊರಳು ತೋಳುಗಳಿಗೆ ಒಡವೆ, ತಲೆಯಲ್ಲಿ ಅಲಂಕಾರ. ಹೊಲಿದ ಬಟ್ಟೆಯೇ ಇಲ್ಲ, ಎಲ್ಲ ಸುತ್ತಿಕೊಂಡದ್ದು. ಪುಲಕೇಶಿಯ ವೇಷಕ್ಕೆ ಟೇಲರ್ ಬೇಡ, ಒಂದು ಒಳ್ಳೆಯ ಪಂಜೆ ಮತ್ತು ಉಡಿಸಲು ಬರುವವರು ಸಾಕು.

ಕೃಷ್ಣದೇವರಾಯನದು ಇನ್ನೂ ಸೊಗಸು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆತನನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ರಾಜ ಉಟ್ಟಿದ್ದು ಬಿಳಿ ಬಟ್ಟೆ, ಅದರ ಮೇಲೆ ಚಿನ್ನದ ಗುಲಾಬಿ ಹೂವುಗಳ ಕಸೂತಿ. ತಲೆಗೆ ಜರಿಯ ಟೊಪ್ಪಿಗೆ. ಕಿರೀಟವಲ್ಲ! ಆ ಎತ್ತರದ ಟೊಪ್ಪಿಗೆಗೆ ಕುಲ್ಲಾಯಿ ಎನ್ನುತ್ತಾರೆ. ತಿರುಮಲದ ದೇವಸ್ಥಾನದಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ರಾಯನ ಲೋಹದ ವಿಗ್ರಹದ ತಲೆಯ ಮೇಲೂ ಅದೇ ಇದೆ. ಲೇಪಾಕ್ಷಿಯ ಚಾವಣಿ ಚಿತ್ರಗಳಲ್ಲಿರುವ ಗಂಡಸರೂ ಅದನ್ನೇ ಹಾಕಿದ್ದಾರೆ. ನಮ್ಮ ಮನೆಗಳಲ್ಲಿ ಕೂಸಿನ ತಲೆಗೆ ಹಾಕುವ ಕುಲಾಯಿ, ಕುಲಾವಿ ಅನ್ನುತ್ತೇವಲ್ಲ, ಅದೂ ಇದೇ ಮಾತು. ರಾಯನ ತಲೆಯ ಮೇಲಿದ್ದ ಹೆಸರು ಈಗ ತೊಟ್ಟಿಲಲ್ಲಿ ಉಳಿದುಕೊಂಡಿದೆ.

ಹೊಲಿಯುವ ಆಸೆ ಇರುವವರಿಗೆ ಕುಲ್ಲಾಯಿಯ ಲೆಕ್ಕ ಹೇಳಿಬಿಡುತ್ತೇನೆ. ಹತ್ತು ವರ್ಷದ ಮಗುವಿನ ತಲೆಯ ಸುತ್ತಳತೆ ಹತ್ತಿರ ಹತ್ತಿರ 20 ಇಂಚು. ಗಟ್ಟಿ ಬಕ್ರಮಿನ ಮೂಲೆಯಲ್ಲಿ ದಾರದ ಒಂದು ತುದಿ ಹಿಡಿದು 13 ಇಂಚಿಗೆ ಚಾಕ್‌ಪೀಸ್ ಕಟ್ಟಿ ಗುಂಡಗೆ ಎಳೆದರೆ ಕಾಲು ಚಕ್ರ ಬರುತ್ತದೆ. ಅದರ ಹೊರ ಅಂಚು 20 ಇಂಚಿಗಿಂತ ಒಂದು ನೂಲು ಹೆಚ್ಚೇ ಇರುತ್ತದೆ. ಎರಡೂ ಬದಿಗೆ ಹೊಲಿಗೆಗೆ ಅರ್ಧರ್ಧ ಇಂಚು ಬಿಟ್ಟು ಕತ್ತರಿಸಿ ಸುತ್ತಿದರೆ ಟೊಪ್ಪಿಗೆ ಸಿದ್ಧ. ತುದಿ ತೀರ ಚೂಪಾಗುತ್ತದೆ, ಒಳಗೆ ಸ್ವಲ್ಪ ಅರಳೆ ತುರುಕಿ ಮೊಂಡು ಮಾಡಿಕೊಳ್ಳಬೇಕು. ಮೇಲೆ ಹಳೆಯ ಜರಿ ಸೀರೆಯ ಸೆರಗು ಹೊದಿಸಬೇಕು. ಖರ್ಚು ಒಂದು ಪ್ಲೇಟ್ ಗಿರ್ಮಿಟ್ಟಿನಷ್ಟೂ ಇಲ್ಲ.

ಹಾಗಾದರೆ ಮಖಮಲ್ ಕೋಟು ಎಲ್ಲಿಂದ ಬಂತು? ಕಂಪನಿ ನಾಟಕಗಳಿಂದ, ಆಮೇಲೆ ಸಿನಿಮಾದಿಂದ. ನಮ್ಮ ಬನಶಂಕರಿ ಜಾತ್ರೆಗೆ ಈಗಲೂ ನಾಟಕ ಕಂಪನಿಗಳು ಬಂದು ಠಿಕಾಣಿ ಹೂಡುತ್ತವೆ. ಪಾರ್ಸಿ ನಾಟಕಗಳ ಥಳಕು ನೋಡಿ ನಮ್ಮ ಕಂಪನಿಗಳೂ ಆ ವೇಷಗಳನ್ನು ತಂದುಕೊಂಡವು. ಗುಬ್ಬಿ ಕಂಪನಿ ಅಂತೂ ಕುರುಕ್ಷೇತ್ರ ನಾಟಕದಲ್ಲಿ ಜೀವಂತ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ಆನೆಯ ಪಕ್ಕ ನಿಂತ ರಾಜ ಬಿಳಿ ಪಂಜೆಯಲ್ಲಿದ್ದರೆ ಯಾರ ಕಣ್ಣಿಗೆ ಬಿದ್ದಾನು? ಗ್ಯಾಸ್ ಬತ್ತಿಯ ಬೆಳಕಿನಲ್ಲಿ, ಕಟ್ಟಕಡೆಯ ಸಾಲಿನ ನೆಲದ ಟಿಕೆಟಿನವನಿಗೂ ರಾಜನೆಂದು ತಿಳಿಯಬೇಕೆಂದರೆ ಅವನು ಮಿಂಚಲೇಬೇಕು. ಹಾಗಾಗಿ ಆ ಮಖಮಲ್ಲನ್ನು ನಾನು ಹೀಗಳೆಯುವುದಿಲ್ಲ. ಅದು ಅದರ ಕೆಲಸ ಮಾಡಿದೆ. ಆದರೆ ಶಾಲೆಯ ಅಂಗಳದಲ್ಲಿ, ಬೆಳಗಿನ ಹತ್ತರ ಬಿಸಿಲಲ್ಲಿ, ಆರು ಅಡಿ ದೂರದಿಂದ ಮೊಬೈಲಿನಲ್ಲಿ ಫೋಟೊ ತೆಗೆಯುವಾಗ ಅದು ಯಾಕೆ?

ಈಗ ಚೆನ್ನಮ್ಮನ ಮಾತಿಗೆ ಬರುತ್ತೇನೆ. ಎರಡು ವರ್ಷದ ಹಿಂದೆ, ಅಕ್ಟೋಬರ್ ಎರಡನೇ ವಾರ. ನಮ್ಮ ಓಣಿಯಲ್ಲೇ ಇರುವ ಒಬ್ಬ ತಾಯಿ, ಉಳ್ಳಾಗಡ್ಡಿ ಕೀಳುವ ಕೂಲಿಗೆ ಹೋಗುವವರು, ಸಂಜೆ ಬಾಗಿಲಲ್ಲಿ ಬಂದು ನಿಂತರು.

"ಅಕ್ಕಾರ, ನಮ್ಮ ಹುಡುಗಿನ್ನ ಸಾಲ್ಯಾಗ ಚೆನ್ನಮ್ಮ ಮಾಡ್ಯಾರಂತ್ರಿ. ಡ್ರೆಸ್ಸಿನ ಬಾಡಗಿ ನಾಕ್ನೂರಂತ, ಮ್ಯಾಲ ಐನೂರ ಅಡ್ವಾನ್ಸ್ ಇಡಬೇಕಂತ. ನಮ್ಮಾಕಿ ಬ್ಯಾಡ, ಬ್ಯಾರೆ ಯಾರನ್ನರ ಮಾಡ್ರಿ ಅಂತ ಟೀಚರ್ ಮುಂದ ನೀವ ಹೇಳ್ರಲ್ಲ. ನಾ ಹೇಳಿದ್ರ ಚೊಲೊ ಕಾಣಂಗಿಲ್ಲ."

ನನಗೆ ಪೇಪರಿನವಳು ಎಂಬ ಸಲಿಗೆ ಇದೆಯೆಂದು ಅವರ ಎಣಿಕೆ. ಹುಡುಗಿ ಐದನೇ ಇಯತ್ತೆ. ಅವ್ವನ ಹಿಂದೆ ನಿಂತು ಬಾಗಿಲ ಚಿಲಕವನ್ನು ಎತ್ತುತ್ತಾ ಇಳಿಸುತ್ತಾ ಇದ್ದಳು. ಕಪ್ಪ ಕೊಡಬೇಕೇಕೆ ಎಂಬ ಮಾತನ್ನು ಅವಳು ಅದಾಗಲೇ ಬಾಯಿಪಾಠ ಮಾಡಿಯಾಗಿತ್ತು. ಓಣಿಯ ಎಮ್ಮೆಗಳಿಗೆ ದಿನಾ ಸಂಜೆ ಹೇಳುತ್ತಿದ್ದುದು ನಮ್ಮ ಮನೆಗೂ ಕೇಳಿಸುತ್ತಿತ್ತು.

"ಟೀಚರ್ಗೇನೂ ಹೇಳೂದ ಬ್ಯಾಡ, ಡ್ರೆಸ್ ನಾ ಹೊಲಿತೀನಿ" ಅಂದೆ.

ಮರುದಿನ ಆ ತಾಯಿ ಪ್ಲಾಸ್ಟಿಕ್ ಚೀಲದಲ್ಲಿ ತಮ್ಮ ಮದುವೆಯ ಇಳಕಲ್ ಸೀರೆ ತಂದರು. ಹಸಿರು ಮೈ, ಚಿಕ್ಕಿ ಪರಾಸ ದಡಿ, ಕೆಂಪು ಸೆರಗಿನಲ್ಲಿ ಬಿಳಿಯ ತೋಪು ತೆನಿ. ಮಡಿಕೆ ಮಡಿಕೆಗೆ ಬೇವಿನ ಎಲೆ. "ಬೇಕಾದಂಗ ಕತ್ತರಸ್ರಿ ಅಕ್ಕಾರ, ನಾ ಏನ ಉಡೂದೈತಿ ಇನ್ನ" ಅಂದರು. ಹೇಳುವಾಗ ಸೀರೆಯ ಕಡೆ ನೋಡಲಿಲ್ಲ.

ಇಳಕಲ್ ಸೀರೆ ಗೊತ್ತಿದ್ದವರಿಗೆ ಇದರ ಸಂಕಟ ಗೊತ್ತು. ಆ ಸೀರೆಯ ಸೆರಗನ್ನು ಆಮೇಲೆ ಹಚ್ಚಿದ್ದಲ್ಲ. ಮೈಯ ಹಾಸಿನ ಎಳೆ, ಸೆರಗಿನ ಹಾಸಿನ ಎಳೆ ಎರಡನ್ನೂ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಿ ಆಮೇಲೆ ನೇಯುತ್ತಾರೆ. ಒಂದೊಂದು ಸೀರೆಗೂ ಬೇರೆ ಬೇರೆಯಾಗಿ ಆ ಕೆಲಸ ಆಗಬೇಕು. ಒಮ್ಮೆ ಕತ್ತರಿ ಆಡಿಸಿದರೆ ಅದು ಮತ್ತೆ ಸೀರೆ ಆಗುವುದಿಲ್ಲ. ಒಂದು ದಿನದ ವೇಷಕ್ಕೆ, ಅದೂ ಒಂದು ಹೆಣ್ಣುಮಗಳ ಮದುವೆಯ ಸೀರೆಗೆ, ಕತ್ತರಿ ಹಾಕುವುದು ನನ್ನಿಂದ ಆಗುವ ಮಾತಲ್ಲ. ಬೇಡ ಎಂದು ಹಿಂದಕ್ಕೆ ಕೊಟ್ಟರೆ ಹುಡುಗಿಗೆ ಉಡಿಸಲು ನೈಲಾನ್ ಬಟ್ಟೆ ಕೊಳ್ಳಬೇಕು.

ಆದ್ದರಿಂದ ಕತ್ತರಿಸದೇ ಹೊಲಿಯುವುದು ಎಂದು ನಿರ್ಧಾರವಾಯಿತು. ಸೀರೆಯ ಪನ್ನ 48 ಇಂಚು, ಹುಡುಗಿಯ ಸೊಂಟದಿಂದ ಹಿಮ್ಮಡಿಯವರೆಗೆ 30. ಮೇಲಿನ 18 ಇಂಚನ್ನು ಒಳಗೆ ಮಡಿಚಿ ಕೈಸೂಜಿಯಿಂದ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದೆ. ದಾರ ಹತ್ತಿಯದೇ ಇರಬೇಕು, ಸೂಜಿ ಸಣ್ಣದಿರಬೇಕು. ಆಗ ಬಿಚ್ಚಿದ ಮೇಲೆ ತೂತು ಕಾಣುವುದಿಲ್ಲ, ಒಂದು ನೀರು ಬಿದ್ದರೆ ಎಳೆಗಳು ಕೂಡಿಕೊಳ್ಳುತ್ತವೆ. ಎರಡನೆಯ ತೊಡಕು ಭಾರ. ದೊಡ್ಡವರ ಸೀರೆಯ ಅಷ್ಟೂ ನಿರಿಗೆಯನ್ನು ಹತ್ತು ವರ್ಷದ ಸೊಂಟ ಹಿಡಿಯುವುದಿಲ್ಲ, ಜಾರುತ್ತದೆ. ಅದಕ್ಕೇ ಬಾಡಿಗೆಯವರು ಬಿಗಿಯಾಗಿ ಬೆಲ್ಟ್ ಕಟ್ಟುವುದು, ಮಗು ಉಸಿರು ಬಿಡದೆ ನಿಲ್ಲುವುದು. ನಾನು ಹುಡುಗಿಯದೇ ಹಳೆಯ ಶಿಮೀಸ್ ತೆಗೆದುಕೊಂಡು ಅದರ ಸೊಂಟಕ್ಕೆ ಗಟ್ಟಿ ಪಟ್ಟಿ ಹಾಕಿ, ನಿರಿಗೆಗಳನ್ನು ಆ ಪಟ್ಟಿಗೆ ಟಾಕಿ ಹಾಕಿದೆ. ಭಾರವೆಲ್ಲ ಹೆಗಲಿಗೆ ಹೋಯಿತು. ಬೆನ್ನಿಗೆ ನಾಲ್ಕು ಹುಕ್ಕು. ಫ್ರಾಕಿನ ಹಾಗೆ ಹಾಕಿಕೊಂಡು, ನಿರಿಗೆಯನ್ನು ಕಾಲ ನಡುವೆ ತಂದು ಹಿಂದೆ ಕಚ್ಚೆ ಸಿಕ್ಕಿಸಿದರೆ ಆಯಿತು. ಸೆರಗು ಮಾತ್ರ ಬಿಡಿ, ಹೆಗಲ ಮೇಲಿಂದ ತಲೆಗೆ.

ಕುಪ್ಪಸಕ್ಕೆ ಬಟ್ಟೆ ಹುಡುಕಬೇಕಾಗಲಿಲ್ಲ. ನಮ್ಮ ಕಡೆ ಯಾವ ಮನೆಯ ಟ್ರಂಕು ತೆಗೆದರೂ ಉಡಿ ತುಂಬಿದ ಖಣಗಳು ಹೊಲಿಸದೇ ಬಿದ್ದಿರುತ್ತವೆ. ಗುಳೇದಗುಡ್ಡದ ಮಗ್ಗದಲ್ಲಿ ನೇಯ್ದ ಖಣವೊಂದನ್ನು ಆ ತಾಯಿಯೇ ಕೊಟ್ಟರು. ತೋಳು ಹೊಲಿಯುವ ಮೊದಲು ಓಣಿಯ ಟೇಲರ್ ಅಕ್ಕನನ್ನು ಒಂದು ಮಾತು ಕೇಳಿದೆ. ಕತ್ತಿ ಎತ್ತುವ ಹುಡುಗಿ, ಬ್ಲೌಸು ಕಂಕುಳಲ್ಲಿ ಹಿಡಿಯಬಾರದು. "ಅಜ್ಜಿಯಾರ ಕುಪ್ಪಸ ನೋಡಿಲ್ಲೇನ್ರಿ? ಕಂಕುಳಾಗ ಚೌಕ ತುಂಡ ಇರ್ತಿತ್ತು. ಹೊಲದಾಗ ಕೈ ಎತ್ತಿ ದುಡೀತಿದ್ರು, ಎಂದೂ ಹರೀತಿರಲಿಲ್ಲ" ಅಂದಳು. ಎರಡು ಇಂಚಿನ ಚೌಕ ತುಂಡನ್ನು ಮೂಲೆ ಕೆಳಗಾಗಿ ಕೂಡಿಸಬೇಕು. ಅಷ್ಟೇ ವಿದ್ಯೆ, ಆದರೆ ತೋಳು ಆಕಾಶಕ್ಕೆ ಹೋಗುತ್ತದೆ.

ಇಲ್ಲಿ ಆ ಟೇಲರ್ ಅಕ್ಕನ ವಿಷಯ ಹೇಳದೆ ಮುಂದೆ ಹೋಗಬಾರದು. ಅವಳ ಮನೆ ನಡೆಯುವುದೇ ಬ್ಲೌಸು, ಫಾಲ್ಸ್, ಪಿಕೊ ಮೇಲೆ. ನಾನು ಹವ್ಯಾಸ ಎಂದು ಪುಕ್ಕಟೆ ಹೊಲಿದುಕೊಡುತ್ತಾ ಕೂತರೆ ಅವಳ ಗಿರಾಕಿ ನನ್ನ ಬಾಗಿಲಿಗೆ ಬರುತ್ತದೆ. "ಹೆಂಗೂ ಹೊಲಿತೀರಲ್ಲ, ಇದೊಂದ ಬ್ಲೌಸ್ ಹಾಕಿಬಿಡ್ರಿ" ಎಂದು ಬರುವವರು ತಿಂಗಳಿಗೆ ಇಬ್ಬರಾದರೂ ಇದ್ದಾರೆ. ಸಂಬಳದ ಕೆಲಸವಿರುವವರ ಹವ್ಯಾಸ ಕೂಲಿಯವರ ಹೊಟ್ಟೆಗೆ ಕೈ ಹಾಕಬಾರದು. (ಜಿಲ್ಲಾ ಬಿಡಿ ಸುದ್ದಿಗಾರರ ಸಂಬಳದ ಬಗ್ಗೆ ನಗಬೇಡಿ, ಆದರೂ ಮಾತು ನಿಜ.) ನಾನು ಹೊರಗಿನವರಿಗೆ ಬ್ಲೌಸು, ಚೂಡಿದಾರ್ ಹೊಲಿಯುವುದಿಲ್ಲ, ಅವಳ ಕಡೆ ಕಳಿಸುತ್ತೇನೆ. ವೇಷದ ಬಟ್ಟೆ ಅವಳಿಗೆ ಬೇಡವಂತೆ: "ಒಂದ ದಿನದ ಬಟ್ಟಿಗೆ ನಾಕ ದಿನ ಹೊಕ್ಕಾವ್ರಿ, ಯಾರ ರೊಕ್ಕ ಕೊಡ್ತಾರ?" ಅವಳ ಅಂಗಡಿಯ ಚಿಂದಿ ಚೀಲ ಪ್ರತಿ ತಿಂಗಳು ನನಗೇ ಬರುತ್ತದೆ. ಅದರಲ್ಲಿ ಅರ್ಧ ಇತಿಹಾಸ ಹೊಲಿಯಬಹುದು.

ಚೆನ್ನಮ್ಮ ನಿಜವಾಗಿ ಏನು ಉಟ್ಟಿದ್ದಳು? ಕಿತ್ತೂರಿನ ಯುದ್ಧ ನಡೆದು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು 1824ರ ಅಕ್ಟೋಬರ್ 23ರಂದು. ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು ಆಕೆ ತೀರಿಕೊಂಡದ್ದು 1829ರಲ್ಲಿ. ಕ್ಯಾಮೆರಾದ ವಿಷಯ ಜಗತ್ತಿಗೆ ತಿಳಿದದ್ದೇ 1839ರಲ್ಲಿ. ಆಕೆಯ ಫೋಟೊ ಇರಲು ಸಾಧ್ಯವೇ ಇಲ್ಲ. ಇಂದು ನಮ್ಮ ಕಣ್ಣ ಮುಂದೆ ಬರುವ ಚೆನ್ನಮ್ಮನಲ್ಲಿ 1961ರ ಸಿನಿಮಾದ ಬಿ. ಸರೋಜಾದೇವಿ ಅರ್ಧ, ಸರ್ಕಲ್‌ಗಳಲ್ಲಿರುವ ಕುದುರೆ ಪ್ರತಿಮೆ ಅರ್ಧ. ಹೀಗಾಗಿ ಇದೇ ಸರಿಯಾದ ವೇಷ ಎಂದು ಎದೆ ತಟ್ಟಿ ಹೇಳಲಾರೆ. ಏನು ಉಟ್ಟಿರಲಿಲ್ಲ ಎಂದು ಮಾತ್ರ ಹೇಳಬಲ್ಲೆ. ನೈಲಾನ್ ಹುಟ್ಟಿದ್ದು 1930ರ ದಶಕದಲ್ಲಿ. ಹೊಲಿಗೆ ಮಿಷಿನ್ ಮನೆ ಮನೆಗೆ ಬರಲು ಆಕೆ ಸತ್ತ ಮೇಲೂ ಎಷ್ಟೋ ವರ್ಷ ಬೇಕಾದವು. ಆಕೆಯ ಮೈಮೇಲಿದ್ದದ್ದು ಕೈಮಗ್ಗದ ಬಟ್ಟೆ, ಕೈಹೊಲಿಗೆ. ನಾನು ಒಳಗಿನ ಹೊಲಿಗೆಗೆ ಮಿಷಿನ್ನೇ ಬಳಸಿದೆ, ಹೊರಗೆ ಕಾಣುವುದಕ್ಕಷ್ಟೇ ಕೈ. ಅಷ್ಟು ಮಡಿವಂತಿಕೆ ನನಗಿಲ್ಲ.

ಕತ್ತಿ ಫ್ಯಾನಿನ ರಟ್ಟಿನ ಪೆಟ್ಟಿಗೆಯಿಂದ ಆಯಿತು. ಹುಕ್ಕು, ದಾರ, ಬೆಳ್ಳಿ ಕಾಗದ ಸೇರಿ ಒಟ್ಟು ಖರ್ಚು 60 ರೂಪಾಯಿ.

ಇಪ್ಪತ್ತೆರಡನೇ ತಾರೀಕು ತಾಲೀಮಿನ ದಿನ ಟೀಚರ್ ನೋಡಿದರು. ಒಳ್ಳೆಯ ಮನುಷ್ಯರೇ, ಮಕ್ಕಳಿಗಾಗಿ ಸ್ವಂತ ರೊಕ್ಕ ಹಾಕುವವರು. ಆದರೆ ಮುಖ ಸಪ್ಪಗಾಯಿತು. "ಎಲ್ಲಾ ಚಲೊ ಐತ್ರಿ ಮೇಡಂ, ಆದ್ರ ಹೊಳಪಿಲ್ಲ. ನಮ್ಮ ಅವ್ವ ಜಾತ್ರಿಗೆ ಹೊಂಟಂಗ ಕಾಣ್ತದ. ಒಂದ ಕಿರೀಟ ಆದ್ರೂ ಹಾಕೂಣು."

ನಾನು ಹೇಳಿದ್ದಿಷ್ಟು: ನಮ್ಮ ಅವ್ವ ಜಾತ್ರೆಗೆ ಹೊರಟ ಹಾಗೆ ಕಂಡರೆ ಅದೇ ಸರಿ, ಆಕೆಯೂ ಈ ಮಣ್ಣಿನ ಅವ್ವನೇ ಅಲ್ಲವೇ. ಕಿರೀಟ ಬೇಕೆಂದರೆ ತಲೆಯ ಮೇಲಿನ ಸೆರಗು ತೆಗೆಯಬೇಕು, ಆ ಸೆರಗಿಗಾಗಿಯೇ ಈ ಸೀರೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಕೊನೆಗೆ ಅವರೇ ತಮ್ಮ ಕೊರಳಿನ ಗುಂಡಿನ ಸರ ತೆಗೆದು ಹುಡುಗಿಗೆ ಹಾಕಿ, "ಇದರ ಇರ್ಲಿ" ಅಂದರು. ಅದು ಚೆನ್ನಾಗಿಯೇ ಕಂಡಿತು. ನನಗೆ ಅದು ತೋಚಿರಲಿಲ್ಲ.

ಮರುದಿನ ಆ ಹುಡುಗಿ ಮಾತು ಮರೆಯಲಿಲ್ಲ. ಕತ್ತಿ ಎತ್ತಿದಾಗ ಕಂಕುಳ ಹೊಲಿಗೆ ಹಿಡಿಯಲಿಲ್ಲ, ರಟ್ಟಿನ ಕತ್ತಿ ಮಾತ್ರ ನಡುವೆ ಬಾಗಿತು. ಅವಳು ಅದನ್ನು ಎಡಗೈಯಿಂದ ನೆಟ್ಟಗೆ ಮಾಡಿಕೊಂಡು ಕಪ್ಪದ ಮಾತು ಮುಂದುವರಿಸಿದಳು. ಜನ ಚಪ್ಪಾಳೆ ತಟ್ಟಿದ್ದು ಅದಕ್ಕೇ. ಮೊದಲ ಬಹುಮಾನ ಥಳಥಳ ಹೊಳೆಯುವ ಬಾಡಿಗೆ ಡ್ರೆಸ್ಸಿನ ಹುಡುಗನಿಗೆ ಹೋಯಿತು, ಇವಳಿಗೆ ಎರಡನೆಯದು, ಒಂದು ಸ್ಟೀಲ್ ಡಬ್ಬಿ. ಕಾರ್ಯಕ್ರಮ ಮುಗಿದ ಮೇಲೆ ಆ ಹುಡುಗ ಬಿಸಿಲಲ್ಲಿ ಕೋಟು ಬಿಚ್ಚಿಸಿಕೊಳ್ಳಲು ಅಳುತ್ತಾ ನಿಂತಿದ್ದ. ಇವಳು ಕಚ್ಚೆಯಲ್ಲೇ ಸೈಕಲ್ ಹತ್ತಿ ಮನೆಗೆ ಹೋದಳು.

ರಾತ್ರಿ ನಾನು ಹೊಲಿಗೆ ಬಿಚ್ಚಿಕೊಡಲು ಹೋದರೆ ಆ ತಾಯಿ ಅದಾಗಲೇ ಚಿಮಣಿ ಪಕ್ಕ ಕೂತು, ಕರೆಂಟ್ ಇರಲಿಲ್ಲ, ಒಂದೊಂದೇ ದಾರ ಎಳೆಯುತ್ತಿದ್ದರು. ಸೀರೆಯನ್ನು ಮಡಿಲ ಮೇಲೆ ಹರವಿಕೊಂಡು ದಡಿಯ ಮೇಲೆ ಬೆರಳಾಡಿಸಿ, "ಒಂದ ಗಾಯನೂ ಆಗಿಲ್ಲ ನೋಡ್ರಿ" ಅಂದರು. ಆ ದೀಪಾವಳಿಗೆ ಅದೇ ಸೀರೆ ಉಟ್ಟಿದ್ದರು.

ಈಗ ನನ್ನ ಮಿಷಿನ್ ಮುಂದಿರುವುದು ಓಬವ್ವ. ಈ ಸಲ ಬೇರೆ ಊರಿನ ಹುಡುಗಿ, ಆದರೆ ಟೀಚರ್ ಕಳಿಸಿದ ವಾಟ್ಸಪ್ ಫೋಟೊದಲ್ಲಿ ಓಬವ್ವನಿಗೆ ಸೊಂಟದ ಪಟ್ಟಿ, ಜರಿ ಸೀರೆ, ಹಣೆಗೆ ಬೈತಲೆ ಬೊಟ್ಟು! ಚಿತ್ರದುರ್ಗದ ಕಾವಲುಗಾರನ ಹೆಂಡತಿ ಆಕೆ. ಗಂಡ ಊಟಕ್ಕೆ ಕೂತಿದ್ದ, ನೀರಿಗೆಂದು ಹೊರಟವಳಿಗೆ ಕಿಂಡಿಯಲ್ಲಿ ಹೈದರನ ಸೈನಿಕರು ನುಸುಳುವುದು ಕಂಡಿತು, ಕೈಗೆ ಸಿಕ್ಕ ಒನಕೆ ಹಿಡಿದಳು ಎಂಬುದು ಕಥೆ. ನೀರು ತರಲು ಹೊರಟವಳು ಯಾವ ಸೀರೆ ಉಟ್ಟಿರುತ್ತಾಳೆ? ನಮ್ಮ ಅಜ್ಜಿಯ ಹತ್ತಿ ಸೀರೆ ಒಂದಿದೆ, ನೀರಿಗೆ ಬಿದ್ದು ಬಿದ್ದು ಬಣ್ಣ ಇಳಿದಿದೆ, ಅದನ್ನೇ ಎತ್ತಿ ಕಟ್ಟಿದ ಕಚ್ಚೆಗೆ ಹೊಂದಿಸುತ್ತಿದ್ದೇನೆ. ಟೀಚರ್ ಜೊತೆ ಮಾತು ಇನ್ನೂ ನಡೆದಿದೆ, ಬೈತಲೆ ಬೊಟ್ಟು ಬಿಡಿಸಿದ್ದೇನೆ, ಸೊಂಟದ ಪಟ್ಟಿಯ ಬಗ್ಗೆ ಅವರು ಜಗ್ಗುತ್ತಿಲ್ಲ.

ಒನಕೆಯದೇ ದೊಡ್ಡ ಚಿಂತೆಯಾಗಿತ್ತು. ನಮ್ಮ ಅಟ್ಟದಲ್ಲಿ ನಿಜವಾದದ್ದೇ ಇದೆ, ಆದರೆ ನನಗೇ ಎರಡು ಕೈ ಬೇಕು, ಎಂಟು ವರ್ಷದ ಹುಡುಗಿ ಎತ್ತುವುದೆಲ್ಲಿಂದ ಬಂತು. ಮೂರು ಅಡಿ ಪಿವಿಸಿ ಪೈಪಿಗೆ ಹಳೆಯ ಗೋಣಿ ಸುತ್ತಿ, ಮೇಲೆ ಕಂದು ಬಟ್ಟೆ ಹೊಲಿದು, ಎರಡೂ ತುದಿಗೆ ಸೈಕಲ್ ಟ್ಯೂಬಿನ ಕಪ್ಪು ಪಟ್ಟಿ ಹಾಕಿದರೆ ಕಬ್ಬಿಣದ ಅಣಸಿನ ಹಾಗೆಯೇ ಕಾಣುತ್ತದೆ. ಪೈಪ್ ತುಂಡು ಬೋರ್‌ವೆಲ್ ರಿಪೇರಿಯವನ ಹತ್ತಿರ ಇದೆಯಂತೆ. ನಾಳೆ ಸಂತೆಯ ಸುದ್ದಿಗೆ ಹೋದಾಗ ಬರುವ ದಾರಿಯಲ್ಲಿ ತರಬೇಕು.